ಮಡಿಕೇರಿಯ ತಾಮ್ರಪಟಗಳೂ ಸಂಶೋಧನೆಯ ಪ್ರಮಾದಗಳೂ

ತಲಕಾಡಿನ ಗಂಗರ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ ಮೊದಲು ಎದುರಿಸಬೇಕಾದುದು ಒಂದು ಸಂಖ್ಯೆಯನ್ನು. ಮಡಿಕೇರಿಯಲ್ಲಿ ದೊರೆತ ಅವಿನೀತನ ತಾಮ್ರಶಾಸನದಲ್ಲಿರುವ ೩೮೮ ಎಂಬ ವರ್ಷಸಂಖ್ಯೆಯೇ ಅದು. ಅದನ್ನು ಶಕವರ್ಷವೆಂದೆಣಿಸಿ, ಕ್ರಿ. ಶ. ೪೬೬ ಎಂದು ಪರಿವರ್ತಿಸಿ, ಆ ಒಂದು ಗೂಟಕ್ಕೆ ಒಂದು ರಾಜವಂಶದ ಕಾಲವನ್ನೂ ಒಬ್ಬ ಜೈನಾಚಾರ್ಯರ ಕಾಲವನ್ನೂ ಕಟ್ಟಿದವರುಂಟು. ಗೂಟವು ನೆಲದಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂದು ಅಲುಗಿಸಿ ನೋಡಿದವರು ಅಷ್ಟು ಮಂದಿಯಿಲ್ಲ. ಸಂಶೋಧನೆಯಲ್ಲಿಯೂ ಗ್ರಂಥಪ್ರಕಟನೆಯಲ್ಲಿಯೂ ಪದೇ ಪದೇ ನಡೆಯುವ ತಪ್ಪುಗಳನ್ನು ಸೂತ್ರರೂಪವಾಗಿ ವಿವರಿಸುವುದು ಸುಲಭ. ಆದರೆ ಸೂತ್ರವನ್ನು ಓದಿ ತನಗೆ ಅನ್ವಯಿಸಿಕೊಳ್ಳುವವನು ವಿರಳ. ಆದುದರಿಂದ ಈ ಒಂದು ಶಾಸನವೂ ಅದರ ಒಡಹುಟ್ಟುಗಳೂ ವಿದ್ವಾಂಸರ ಕೈಯಲ್ಲಿ ಪಟ್ಟ ಪಾಡನ್ನೇ ಇಲ್ಲಿ ನಿರೂಪಿಸುವೆನು.

ಈ ಶಾಸನವನ್ನು ಬಿ. ಎಲ್. ರೈಸ್ ಅವರು ೧೮೭೨ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಪ್ರಕಟಿಸಿದರು. ೧೮೮೬ರಲ್ಲಿ ಹೊರಬಂದ ಕೊಡಗಿನ ಶಾಸನಗಳ ಸಂಪುಟದಲ್ಲಿ, ಎಂದರೆ 'ಎಪಿಗ್ರಾಫಿಯಾ ಕರ್ನಾಟಿಕ'ದ ಮೊದಲನೆಯ ಸಂಪುಟದಲ್ಲಿ, ಅದು ಮತ್ತೆ ಅಚ್ಚಾಯಿತು. ಕೊಂಗಣಿವರ್ಮನಿಂದ ಮೊದಲುಮಾಡಿ ಅವಿನೀತನವರೆಗಿನ ಗಂಗವಂಶಾವಳಿ ಅದರಲ್ಲಿದೆ. ತರುವಾಯ ಕೊಂಡಕುಂದಾನ್ವಯಕ್ಕೆ ಸೇರಿದ ಆರು ಮಂದಿ ಗುರುಗಳ ಪರಂಪರೆ. ಕೊನೆಗೆ ದಾನದ ವಿವರ: ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿಯು ತಳವನನಗರದ, ಎಂದರೆ ತಲಕಾಡಿನ, ಶ್ರೀವಿಜಯಜಿನಾಲಯಕ್ಕೆ ಬದನೆಗುಪ್ಪೆಯೆಂಬ ಗ್ರಾಮವನ್ನು ಸಲ್ಲಿಸಿದನೆಂಬುದು. ಕಾಲವನ್ನು ಹೇಳುವಲ್ಲಿ ಮುನ್ನೂರೆಂಬತ್ತೆಂಟನೆಯ ಸಂವತ್ಸರ, ಮಾಘಮಾಸ, ಸೋಮವಾರ, ಸ್ವಾತಿನಕ್ಷತ್ರ, ಶುದ್ಧ ಪಂಚಮಿ ಎಂದಿದೆ. ಶಕವೆಂಬ ಮಾತು ಅಲ್ಲಿ ಇಲ್ಲ. ಅದನ್ನು ಸೇರಿಸಿದವರು ನಾವು. ಸೇರಿಸಿದುದು ಅನ್ಯಾಯವೆಂದು ಹೇಳುವಂತಿಲ್ಲ, ನಮ್ಮ ನಾಡಿನಲ್ಲಿ ಬಳಕೆಯಲ್ಲಿದ್ದ ಗಣನೆ ಅದೇ. ಆದರೆ ಊಹೆಯಿಂದ ಸೇರಿಸಿದ ಮಾತು ಎರಡನೆಯ ಪುಸ್ತಕಕ್ಕೆ ಹೋಗುವಾಗ ಊಹೆಯಾಗಿ ಉಳಿಯಲಿಲ್ಲವೆಂಬುದನ್ನು ಗಮನಿಸಬೇಕು. ಅಲ್ಲಿ ಅದು ಶಾಸನೋಕ್ತವೇ ಆಗಿಬಿಟ್ಟಿತು.

ಇನ್ನು ತಿಥಿನಕ್ಷತ್ರಗಳ ವಿಚಾರ. ಇದಕ್ಕೆ ಜ್ಯೋತಿಷದ ದೊಡ್ಡ ಗ್ರಂಥಗಳೇನೂ ಬೇಡ. ವಾಚಕರು ತಮ್ಮ ಮನೆಯ ಪಂಚಾಂಗವನ್ನೇ ತೆರೆದು ನೋಡಬಹುದು. ಮಾಘ ಶುದ್ಧ ಪಂಚಮಿಯೆಂದರೆ ಶ್ರೀಪಂಚಮಿ. ಆ ದಿನ ಚಂದ್ರನು ಉತ್ತರಾಭಾದ್ರೆ ರೇವತಿಗಳ ಆಸುಪಾಸಿನಲ್ಲಿರುತ್ತಾನೆ. ಎರಡು ದಿನ ಕಳೆದು ರಥಸಪ್ತಮಿಗೆ ಅಶ್ವಿನಿಯ ಸಮೀಪಕ್ಕೆ ಬರುತ್ತಾನೆ. ಹುಣ್ಣಿಮೆಗೆ ಮಘೆಯ ಹತ್ತಿರ, ಮಾಸಕ್ಕೆ ಆ ಹೆಸರು ಬಂದುದೇ ಅದರಿಂದ. ಸ್ವಾತಿಯನ್ನು ಸೇರಬೇಕಾದರೆ ಹುಣ್ಣಿಮೆ ಕಳೆದು ಮೇಲೆ ಐದಾರು ದಿನಗಳಾದರೂ ಆಗಬೇಕು. ಆದಕಾರಣ ಮಾಘ ಶುದ್ಧ ಪಂಚಮಿಯೂ ಸ್ವಾತಿಯೂ ಕೂಡಿ ಬರುವುದು ಯಾವ ಶಕದ ಯಾವ ವರ್ಷದಲ್ಲಿಯೂ ಸಾಧ್ಯವಿಲ್ಲ. ಶಾಸನವನ್ನು ಬರೆದವನು ಬಹುಳವೆನ್ನುವಲ್ಲಿ ಶುದ್ಧವೆಂದು ಕೈತಪ್ಪಿ ಬರೆದನೆಂದು ಹೇಳಬಹುದಷ್ಟೆ. ಹಾಗೆ ಹೇಳುವುದು ತೀರ ಅಸಂಬದ್ಧವೂ ಅಲ್ಲ. ಪ್ರಾಮಾಣ್ಯದಲ್ಲಿ ಯಾರಿಗೂ ಸಂದೇಹವಿಲ್ಲದ ಶಿಲಾಶಾಸನಗಳಲ್ಲಿಯೂ ಹೊಂದದ ತಿಥಿವಾರಗಳು ಎಷ್ಟೋ ಇವೆ. ಹೀಗಿರಲಾಗಿ, ತಿಥಿ ತಪ್ಪಿದ ಮಾತ್ರಕ್ಕೆ ಶಾಸನವು ಕೂಟವೆಂದು ತೀರ್ಪು ಕೊಡುವುದು ಎಷ್ಟು ದುಡುಕೋ, ತಿಥಿವಾರಗಳು ಹೊಂದಿದ ಮಾತ್ರಕ್ಕೆ ಅದು ನಿಜವೆಂದು ಸಾರುವುದೂ ಅಷ್ಟೇ ದುಡುಕು. ವಾರಗಳು ಏಳೇ. ಕಣ್ಣುಮುಚ್ಚಿ ಬರೆದ ವಾರವೂ ಏಳಕ್ಕೆ ಒಂದು ಸಲ ಸರಿಹೋಗುತ್ತದೆ.

ತಿಥಿಗಿಂತ ಬಲವಾದ ಆಕ್ಷೇಪವು ಹೆಸರಿನಲ್ಲಿದೆ. ಅಕಾಲವರ್ಷವೆಂಬುದು ರಾಷ್ಟ್ರಕೂಟರಲ್ಲಿ ಕೃಷ್ಣನೆಂಬ ಹೆಸರಿನ ಅರಸರು ಧರಿಸಿದ ಬಿರುದು. ಅವರಲ್ಲಿ ಮೊದಲನೆಯವನು ಆಳಿದುದೇ ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಮೂರನೆಯವನು ಹತ್ತನೆಯ ಶತಮಾನದವನು. ಐದನೆಯ ಶತಮಾನದ ಅವಿನೀತನ ದಾನಪತ್ರದಲ್ಲಿ ಅವನ ಮಂತ್ರಿಗೆ ಏನು ಕೆಲಸ? ಆಗಲೂ ಆ ಬಿರುದಿನ ಬೇರೊಬ್ಬ ಅರಸನು ಇದ್ದಿರಬಹುದೆಂದು ಸಮಾಧಾನ ಹೇಳಿದವರುಂಟು. ಒಂದು ಪ್ರಮಾಣವನ್ನು ಉಳಿಸಿಕೊಳ್ಳಬೇಕೆಂದು ಬೇರೆ ಯಾವ ಪ್ರಮಾಣದಲ್ಲಿಯೂ ಕಾಣದ ಅರಸನನ್ನು ಸೃಷ್ಟಿಸುವುದು ಸಂಶೋಧಕರಿಗೆ ಬಹುಕಾಲದಿಂದ ಅಂಟಿಬಂದ ಚಾಳಿ.

ಇಷ್ಟು ಸಂದೇಹಗಳಿದ್ದರೂ ೪೬೬ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ನಿರಾತಂಕವಾಗಿ ನಡೆಯಿತು. ಶಾಸನದಲ್ಲಿ ಕೊಂಡಕುಂದಾನ್ವಯದ ಹೆಸರು ಬಂದಿರುವುದರಿಂದ ಕುಂದಕುಂದಾಚಾರ್ಯರು ಅದಕ್ಕಿಂತ ಹಿಂದಿನವರೆಂದೂ, ಆರು ಮಂದಿ ಗುರುಗಳಿಗೆ ತಲೆಗೆ ಇಷ್ಟೆಂದು ವರ್ಷಗಳನ್ನು ಹಂಚಿದರೆ ನೂರೈವತ್ತು ವರ್ಷಗಳಾಗುವುದರಿಂದ ಅವರ ಕಾಲವನ್ನು ಇನ್ನೂ ಹಿಂದಕ್ಕೆ ಒಯ್ಯಬೇಕೆಂದೂ ವಾದಗಳು ಹುಟ್ಟಿದುವು. ಲೆಕ್ಕದಲ್ಲಿ ದೋಷವಿಲ್ಲ. ದೋಷವಿರುವುದು ತಳಹದಿಯಲ್ಲಿ. 'ಸಮಯಸಾರ', 'ಪ್ರವಚನಸಾರ'ಗಳಂತಹ ಗ್ರಂಥಗಳನ್ನು ಬರೆದ ಮಹನೀಯರ ಕಾಲನಿರ್ಣಯವು ಸಾಮಾನ್ಯ ವಿಷಯವಲ್ಲ. ಆ ಗ್ರಂಥಗಳ ಭಾಷೆಯನ್ನೂ ಮತವಿಚಾರವನ್ನೂ ಹಿಂದುಮುಂದಿನ ಗ್ರಂಥಗಳೊಡನೆ ಹೋಲಿಸಿ ಮಾಡಬೇಕಾದ ಶ್ರಮವನ್ನು ಮೂರು ಅಂಕೆಗಳಿಗೆ ಒಪ್ಪಿಸಿದುದು ಆ ಆಚಾರ್ಯರಿಗೆ ಮಾಡಿದ ಗೌರವವೂ ಅಲ್ಲ. ಲಿಪಿಯ ವಿಷಯದಲ್ಲಿ ಅಪಾಯವು ಇನ್ನೂ ಸೂಕ್ಷ್ಮವಾದುದು. ತನ್ನಲ್ಲಿಯೇ ೩೮೮ ಎಂದು ಹೇಳಿಕೊಳ್ಳುವ ತಾಮ್ರಪಟದ ಅಕ್ಷರಗಳನ್ನು ಐದನೆಯ ಶತಮಾನದ ಮಾದರಿಯೆಂದು ಹಿಡಿದು, ಕಾಲಸೂಚನೆಯಿಲ್ಲದ ಇನ್ನೊಂದು ಶಾಸನವನ್ನು ಆ ಮಾದರಿಗೆ ಹೋಲಿಸಿ ಅದೂ ಐದನೆಯ ಶತಮಾನದ್ದೆಂದು ನಿಶ್ಚಯಿಸಿ, ಕೊನೆಗೆ ಆ ಎರಡನೆಯದನ್ನೇ ಮೊದಲನೆಯದರ ಪ್ರಾಮಾಣ್ಯಕ್ಕೆ ಸಾಕ್ಷಿಯಾಗಿ ತಂದರೆ, ಸಾಕ್ಷಿಯೂ ನ್ಯಾಯಾಧಿಪತಿಯೂ ಒಬ್ಬನೇ ಆದಂತಾಗುತ್ತದೆ. ನಮ್ಮ ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆಂದು ಎಂದೋ ಹೆಸರಿಟ್ಟು ಖಂಡಿಸಿದ್ದಾರೆ.

ಪ್ರಕಟನೆಯ ದೋಷವೂ ಇದರಲ್ಲಿ ಸೇರಿದೆ. ಶಾಸನವನ್ನು ಓದಿದವನು 'ಇದ್ದೀತು', 'ಎಂದು ತೋರುತ್ತದೆ' ಎಂದು ಬರೆದುದನ್ನು ಅದರಿಂದ ಎತ್ತಿಕೊಂಡವನು 'ಇದೆ' ಎನ್ನುತ್ತಾನೆ; ಅವನಿಂದ ಎತ್ತಿಕೊಂಡವನು ಅಡಿಟಿಪ್ಪಣಿಯನ್ನೂ ಬಿಡುತ್ತಾನೆ; ನಾಲ್ಕನೆಯವನು ಮೂರು ಪುಸ್ತಕಗಳಲ್ಲಿ ಒಂದೇ ಮಾತಿರುವುದನ್ನು ಕಂಡು ಮೂರು ಪ್ರಮಾಣಗಳು ದೊರೆತುವೆಂದು ಹಿಗ್ಗುತ್ತಾನೆ. ಹಲ್ಮಿಡಿಯ ಶಾಸನವು ಇದಕ್ಕೆ ಒಳ್ಳೆಯ ದೃಷ್ಟಾಂತ. ೧೯೩೬ರಲ್ಲಿ ಡಾ|| ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನಲ್ಲಿ ಯಾವ ವರ್ಷವನ್ನೂ ಕೆತ್ತಿಲ್ಲ. ಅದು ಸುಮಾರು ಕ್ರಿ. ಶ. ೪೫೦ರದೆಂಬುದು ಲಿಪಿ, ಭಾಷೆ, ಅದರಲ್ಲಿ ಬರುವ ಕದಂಬ ಅರಸನ ಹೆಸರು ಇವುಗಳಿಂದ ಮಾಡಿದ ಊಹೆ, ಸದೂಹೆಯೇ ಸರಿ. ಆದರೆ 'ಸುಮಾರು' ಎಂಬ ಮಾತು ಪಠ್ಯಪುಸ್ತಕಗಳ ಹಾದಿಯಲ್ಲಿ ಎಲ್ಲಿಯೋ ಉದುರಿಹೋಗಿ, ಈಗ ಶಾಲೆಯ ಹುಡುಗನಿಗೂ ೪೫೦ ಎಂಬುದು ಕಲ್ಲಿನಲ್ಲಿಯೇ ಕೆತ್ತಿದ ಸಂಖ್ಯೆಯಂತೆ ಬಾಯಿಪಾಠವಾಗಿದೆ.

ಗಂಗರ ವಿಷಯಕ್ಕೆ ಮರಳೋಣ. ರೈಸ್ ಅವರು ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿ ಕನ್ನಡನಾಡಿಗೆ ಜೀವಮಾನವನ್ನು ತೆತ್ತವರು. ೧೮೮೬ರಿಂದ ೧೯೦೫ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಅವರು ಹೊರತಂದರು. ಅವರ ಅನುವಾದಗಳಲ್ಲಿ ತಪ್ಪು ಹುಡುಕುವುದು ಕಷ್ಟವಲ್ಲ. ಆ ಕಲ್ಲುಗಳಲ್ಲಿ ಎಷ್ಟೋ ಅವರ ಹೊತ್ತಗೆಯಲ್ಲದೆ ಬೇರೆಲ್ಲಿಯೂ ಉಳಿದಿಲ್ಲವೆಂಬುದನ್ನೂ ಹುಡುಕುವವರು ನೆನೆಯಬೇಕು. ಜೆ. ಎಫ್. ಫ್ಲೀಟ್ ಅವರು ಮುಂಬಯಿ ಆಧಿಪತ್ಯದ ಅಧಿಕಾರಿ. ೧೮೮೮ರಲ್ಲಿ ಗುಪ್ತರ ಶಾಸನಗಳ ಸಂಪುಟವನ್ನು ಸಂಪಾದಿಸಿ ಶಾಸನಸಂಪಾದನೆಗೆ ಒಂದು ಮೇಲ್ಪಂಕ್ತಿಯನ್ನು ಹಾಕಿದವರು ಅವರು. ಗಂಗರ ತಾಮ್ರಪಟಗಳನ್ನು ಅಲ್ಲಗಳೆದರೆಂದು ಅವರನ್ನು ಕನ್ನಡದ ವೈರಿಯಂತೆ ಕಂಡವರು ನಮ್ಮಲ್ಲಿದ್ದರು. ಸಂಗೊಳ್ಳಿಯ ರಾಯಣ್ಣನ ಲಾವಣಿಯನ್ನೂ ಹಲಗಲಿಯ ಬೇಡರ ಲಾವಣಿಯನ್ನೂ ಬಾಯಿಂದ ಬರೆಯಿಸಿ ಅಚ್ಚುಹಾಕಿಸಿದವರೂ ಇದೇ ಫ್ಲೀಟ್ ಅವರೆಂಬುದು ಅಂಥವರಿಗೆ ತಿಳಿಯದು.

ಫ್ಲೀಟ್ ಅವರು ಸೂಡಿಯಲ್ಲಿ ದೊರೆತ ಬೂತುಗನ ತಾಮ್ರಪಟಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಮೂರನೆಯ ಸಂಪುಟದಲ್ಲಿ ಕೂಟಶಾಸನವೆಂದು ಹೆಸರಿಟ್ಟೇ ಪ್ರಕಟಿಸಿ, ಅದೇ ಸಂದರ್ಭದಲ್ಲಿ ಗಂಗರ ಇತರ ತಾಮ್ರಪಟಗಳನ್ನೂ ವಿಚಾರಣೆಗೆ ತಂದರು. ೧೯೦೧ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಭರತಖಂಡದ ಕೂಟಶಾಸನಗಳದೇ ಒಂದು ಪಟ್ಟಿಯನ್ನು ಕೊಟ್ಟರು. ಅವರ ಆಕ್ಷೇಪಗಳಲ್ಲಿ ಹಲವು ಇಂದಿಗೂ ಕದಲದೆ ನಿಂತಿವೆ. ತಂಜಾವೂರಿನ ತಾಮ್ರಪಟವನ್ನು ನೋಡಿರಿ. ಅದು ಹರಿವರ್ಮನಿಗೆ ಶಕ ೧೬೯, ಎಂದರೆ ಕ್ರಿ. ಶ. ೨೪೭, ಎಂಬ ಕಾಲವನ್ನು ಹೇಳುತ್ತದೆ. ವಂಶಾವಳಿಯಂತೆ ಹರಿವರ್ಮನ ಮಗ ವಿಷ್ಣುಗೋಪ, ಅವನ ಮಗ ಮಾಧವ, ಅವನ ಮಗ ಅವಿನೀತ. ಅವಿನೀತನಿಗೆ ಮಡಿಕೇರಿಯ ೪೬೬ನ್ನು ಒಪ್ಪಿದರೆ ಮುತ್ತಾತನಿಂದ ಮರಿಮಗನವರೆಗೆ ಇನ್ನೂರ ಹತ್ತೊಂಬತ್ತು ವರ್ಷ, ತಲೆಮಾರೊಂದಕ್ಕೆ ಎಪ್ಪತ್ತಮೂರು ವರ್ಷ! ಎರಡೂ ತಾಮ್ರಪಟಗಳನ್ನು ಒಟ್ಟಿಗೆ ನಂಬಿದವರು ಈ ಕಳೆಯುವ ಲೆಕ್ಕವನ್ನು ಮಾಡಲಿಲ್ಲವೆಂಬುದು ಆಶ್ಚರ್ಯ. ಮಾಡಿದ್ದವರು ಆ ಅರಸರಿಗೆ ದೀರ್ಘಾಯುಷ್ಯವನ್ನು ದಯಪಾಲಿಸಿದರು.

ಈ ವಿವಾದದಲ್ಲಿ ನನಗೆ ಅತ್ಯಂತ ಬೋಧಪ್ರದವಾಗಿ ಕಾಣುವುದು ಬೇರೊಂದು ಅಂಶ. ನಾಡಿನ ಬೇರೆ ಬೇರೆ ಮೂಲೆಗಳಲ್ಲಿ ದೊರೆತ ತಾಮ್ರಪಟಗಳೆಲ್ಲವೂ ಒಂದೇ ವಂಶಾವಳಿಯನ್ನು ಹೆಚ್ಚುಕಡಮೆ ಒಂದೇ ಮಾತುಗಳಲ್ಲಿ ಹೇಳುತ್ತವೆ. ರೈಸ್ ಅವರಿಗೆ ಅದು ಸತ್ಯದ ಗುರುತು: ಒಬ್ಬರನ್ನೊಬ್ಬರು ಅರಿಯದ ಇಷ್ಟು ಮಂದಿ ಸಾಕ್ಷಿಗಳು ಒಂದೇ ಮಾತನ್ನು ಹೇಳುವುದಾದರೆ ಅದು ನಿಜವಾಗಿರಲೇಬೇಕು. ಫ್ಲೀಟ್ ಅವರಿಗೆ ಅದು ವಂಚನೆಯ ಗುರುತು: ಒಂದೇ ಕರಡನ್ನು ನೋಡಿ ಬರೆದುದರಿಂದಲೇ ಮಾತುಗಳು ಒಂದಾದುವು. ಒಂದೇ ಸಂಗತಿ, ನಿರ್ಣಯಗಳು ಮಾತ್ರ ಪೂರ್ವ ಪಶ್ಚಿಮ. ಹೀಗಾದಾಗ ತಿಳಿಯಬೇಕಾದುದೇನೆಂದರೆ, ಆ ಸಂಗತಿಗೆ ಎರಡು ಪಕ್ಷಗಳ ನಡುವೆ ತೀರ್ಮಾನ ಮಾಡುವ ಶಕ್ತಿಯೇ ಇಲ್ಲ. ಅರಮನೆಯ ಕರಣಿಕರೂ ಹಳೆಯ ಪ್ರಶಸ್ತಿಯನ್ನು ನೋಡಿಯೇ ಹೊಸದನ್ನು ಬರೆಯುತ್ತಿದ್ದರು, ಕೂಟಕಾರರೂ ಹಾಗೆಯೇ ಬರೆದರು. ಸಾಕ್ಷಿಗಳ ಸಂಖ್ಯೆಯಿಂದ ಪ್ರಯೋಜನವಿಲ್ಲ. ಅವರು ಸ್ವತಂತ್ರರೋ ಅಲ್ಲವೋ ಎಂಬುದೇ ಪ್ರಶ್ನೆ. ಇಬ್ಬರು ಘನ ವಿದ್ವಾಂಸರೂ ಬಹುಕಾಲ ಈ ಒಂದು ಸಂಗತಿಯನ್ನೇ ಎಳೆದಾಡಿದರು.

ಫ್ಲೀಟ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ತಾಮ್ರಪಟಗಳು ಕೂಟವೆಂಬಲ್ಲಿಂದ ಹೊರಟು, ಅವುಗಳಲ್ಲಿ ಹೇಳಿದ ಆದಿಗಂಗರೇ ಕಲ್ಪಿತರೆಂಬಲ್ಲಿಗೆ ಹೋದರು. ಎಂಟನೆಯ ಶತಮಾನದಿಂದ ಈಚೆಗೆ ಶಿಲಾಶಾಸನಗಳಿಂದ ಸಿದ್ಧರಾದ ಗಂಗರು ಮಾತ್ರ ಅವರಿಗೆ ದಿಟವಾದ ಅರಸರು. ನಂಬಿಕೆಯಲ್ಲಿ ಹೇಗೋ ಅವಿಶ್ವಾಸದಲ್ಲಿಯೂ ಹಾಗೆಯೇ ಅತಿಯೆಂಬುದುಂಟು. ಪತ್ರವು ಸುಳ್ಳಾದರೆ ಅದರಲ್ಲಿನ ಪ್ರತಿಯೊಂದು ಮಾತೂ ಸುಳ್ಳಾಗಬೇಕೆಂದಿಲ್ಲ; ಸುಳ್ಳುಪತ್ರವನ್ನು ಸೃಷ್ಟಿಸುವವನು ಜನರು ಬಲ್ಲ ಅರಸರ ಹೆಸರನ್ನೇ ತರುವನಲ್ಲದೆ ಯಾರೂ ಕೇಳದ ಹೆಸರನ್ನು ತಂದಾನೆಯೆ? ದುರ್ವಿನೀತನ ವಿಷಯವನ್ನೇ ತೆಗೆದುಕೊಳ್ಳಬಹುದು. ಅವನು ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದನೆಂದು ತಾಮ್ರಪಟಗಳು ಹೇಳುತ್ತವೆ. ಇದು ಕಟ್ಟುಕಥೆಯಂತೆ ಕಾಣುವುದೇನೋ ನಿಜ. ಆದರೆ ಕಿರಾತದಲ್ಲಿ ಚಿತ್ರಬಂಧಗಳಿಂದ ತುಂಬಿ ವ್ಯಾಖ್ಯಾನವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದ ಸರ್ಗವು ಹದಿನೈದನೆಯದೇ ಎಂಬುದನ್ನು ಆ ಕಾವ್ಯವನ್ನು ಓದಿದವರು ಬಲ್ಲರು. ೧೮೯೮ರಲ್ಲಿ ಕೆ. ಬಿ. ಪಾಠಕರು 'ಕವಿರಾಜಮಾರ್ಗ'ವನ್ನು ಅಚ್ಚಿಗೆ ತಂದಾಗ ಕನ್ನಡದ ಹಿಂದಿನ ಗದ್ಯಕಾರರ ಸಾಲಿನಲ್ಲಿ ದುರ್ವಿನೀತನ ಹೆಸರು ಕಾಣಿಸಿತು. ಒಂಬತ್ತನೆಯ ಶತಮಾನದ ಆ ಗ್ರಂಥಕ್ಕೂ ಭೂದಾನದ ವ್ಯಾಜ್ಯಗಳಿಗೂ ಯಾವ ಸಂಬಂಧವೂ ಇಲ್ಲ. ಸ್ವತಂತ್ರಸಾಕ್ಷಿಯೆಂದರೆ ಇಂಥದು. ಮುಂದೆ ೧೯೨೪ರಲ್ಲಿ ಮದರಾಸಿನಲ್ಲಿ ಪ್ರಕಟವಾದ 'ಅವಂತಿಸುಂದರೀಕಥೆ'ಯಲ್ಲಿ ಭಾರವಿಯೂ ದುರ್ವಿನೀತನೂ ಜೊತೆಯಾಗಿಯೇ ಕಾಣಿಸಿಕೊಂಡರು. (ಆ ಗ್ರಂಥದ ಹಾಳಾದ ಪ್ರತಿಯೊಂದನ್ನು ನಂಬಿ ಭಾರವಿಯನ್ನು ದಂಡಿಯ ಮುತ್ತಾತನೆಂದೇ ಸಾರಿದವರು, ಇನ್ನೊಂದು ಪ್ರತಿ ದೊರೆತ ಮೇಲೆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದೇ ಒಂದು ಬೇರೆ ಲೇಖನಕ್ಕೆ ತಕ್ಕ ಕಥೆ.)

ಆದಿಗಂಗರ ಪ್ರಶ್ನೆಯನ್ನು ಕೊನೆಗೆ ಬಿಡಿಸಿದುದು ವಾದವಲ್ಲ, ಹೊಸ ಪ್ರಮಾಣ. 'ಲೋಕವಿಭಾಗ'ವೆಂಬ ಜೈನಗ್ರಂಥದ ಕೊನೆಯಲ್ಲಿ ಶಕ ೩೮೦ನೆಯ ವರ್ಷವು ಕಾಂಚಿಯ ಅರಸನಾದ ಸಿಂಹವರ್ಮನ ಇಪ್ಪತ್ತೆರಡನೆಯ ವರ್ಷವೆಂದಿರುವುದನ್ನು ಮೈಸೂರಿನ ಪ್ರಾಕ್ತನವಿಮರ್ಶೆಯ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಆ ಬಳಿಕ ಪೆನುಗೊಂಡೆಯ ತಾಮ್ರಪಟಗಳು ದೊರೆತುವು. ಅವು ಹೇಳುವ ವಂಶಾವಳಿ ಹಳೆಯ ಪಾಠವಲ್ಲ: ಕೊಂಗಣಿವರ್ಮ, ಮಾಧವ, ಅಯ್ಯವರ್ಮ, ಸಿಂಹವರ್ಮನೆಂಬ ಮರುಹೆಸರಿನ ಮಾಧವ. ವಿಷ್ಣುಗೋಪನ ಸುದ್ದಿಯೇ ಅಲ್ಲಿಲ್ಲ. ಅಯ್ಯವರ್ಮನಿಗೆ ಪಲ್ಲವ ಸಿಂಹವರ್ಮನೂ, ಅವನ ಮಗನಿಗೆ ಪಲ್ಲವ ಸ್ಕಂದವರ್ಮನೂ ಪಟ್ಟಕಟ್ಟಿದರೆಂದು ಅವು ಹೇಳುತ್ತವೆ. ತನ್ನ ಕುಲವನ್ನು ಹೊಗಳಿಸಿಕೊಳ್ಳುವುದಕ್ಕಾಗಿ ಸುಳ್ಳು ಬರೆಯಿಸುವವನು ಪರರ ಕೈಯಿಂದ ಪಟ್ಟಕಟ್ಟಿಸಿಕೊಂಡೆನೆಂದು ಬರೆಯಿಸುವುದು ಸಹಜವಲ್ಲ. ಲಿಪಿಯೂ ಆ ಕಾಲಕ್ಕೆ ಒಪ್ಪುವಂಥದು. ಹೀಗೆ ಗಂಗರ ಶಾಸನಕ್ಕೆ ಗಂಗರ ಶಾಸನವನ್ನೇ ಊರೆಕೊಡುವುದು ತಪ್ಪಿ, ಹೊರಗಿನಿಂದ ಒಂದು ಕಾಲಬಿಂದು ದೊರೆಯಿತು. ಆ ಬಿಂದುವೂ ಪೂರ್ತಿ ನಿಷ್ಕಂಟಕವೆನ್ನುವಂತಿಲ್ಲ. ನಮಗೆ ಉಳಿದಿರುವ 'ಲೋಕವಿಭಾಗ'ವು ಮೂಲವಲ್ಲ, ಹಳೆಯ ಗ್ರಂಥವನ್ನು ಅನುಸರಿಸಿ ಸಿಂಹಸೂರಿಯು ತರುವಾಯ ಸಂಸ್ಕೃತದಲ್ಲಿ ಬರೆದುದು. ಆದರೂ ಆ ಗ್ರಂಥಕಾರನಿಗೆ ತಲಕಾಡಿನ ಅರಸರ ವಂಶವನ್ನು ಹಿಂದಕ್ಕೋ ಮುಂದಕ್ಕೋ ತಳ್ಳುವ ಅಗತ್ಯವೇನೂ ಇರಲಿಲ್ಲ.

೧೯೧೫ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಫ್ಲೀಟ್ ಅವರು ಪೆನುಗೊಂಡೆಯ ಶಾಸನವು ನಿಜವಾದುದೆಂದೂ, ಅದರ ಕಾಲವು ಸುಮಾರು ಕ್ರಿ. ಶ. ೪೭೫ ಎಂದೂ ಬರೆದರು. ಬಹುಕಾಲ ಎತ್ತಿಹಿಡಿದಿದ್ದ ಪಕ್ಷವನ್ನು ಅವರೇ ಸಡಿಲಿಸಿ ಅಚ್ಚುಹಾಕಿಸಿದರು. ಅಂದಮಾತ್ರಕ್ಕೆ ರೈಸ್ ಅವರ ಪಕ್ಷವೆಲ್ಲ ಗೆದ್ದಿತೆಂದೂ ಹೇಳಲಾಗದು. ಆದಿಗಂಗರು ಇದ್ದರೆಂಬುದು ಸ್ಥಿರವಾಯಿತು; ತಂಜಾವೂರಿನ ೨೪೭ಕ್ಕೂ ಮಡಿಕೇರಿಯ ೪೬೬ಕ್ಕೂ ಅದರಿಂದ ಜೀವ ಬರಲಿಲ್ಲ. ಈ ಎರಡು ಮಾತುಗಳು ಬೇರೆ ಬೇರೆಯೆಂಬುದನ್ನು ಗಮನಿಸದೆ, ಫ್ಲೀಟ್ ಸೋತರು, ಆದುದರಿಂದ ಎಲ್ಲ ತಾಮ್ರಪಟಗಳೂ ನಿಜವೆಂದು ಸಂಭ್ರಮಪಟ್ಟು ಬರೆದ ಲೇಖಕರ ಪೀಳಿಗೆಯೊಂದು ಆಮೇಲೆ ಬಂದಿತು. ಫ್ಲೀಟ್ ಅವರು ೧೯೧೭ರಲ್ಲಿ ತೀರಿಕೊಂಡರು. ಪೆನುಗೊಂಡೆಯ ಶಾಸನವನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಹದಿನಾಲ್ಕನೆಯ ಸಂಪುಟದಲ್ಲಿ ಸಂಪಾದಿಸಿದವರು ರೈಸ್ ಅವರೇ. ಆಗ ಅವರಿಗೆ ಎಂಬತ್ತರ ವಯಸ್ಸು.

ಮಡಿಕೇರಿಯ ತಾಮ್ರಪಟವನ್ನು ಕೂಟವೆಂದು ತಳ್ಳಿದ ಮೇಲೆ ಅದರಿಂದ ಇನ್ನೇನೂ ತಿಳಿಯುವಂತಿಲ್ಲವೆ? ತಿಳಿಯುವುದು ಬಹಳವಿದೆ. ೧೯೨೦ರ ಮೈಸೂರು ಪ್ರಾಕ್ತನ ವರದಿಯಲ್ಲಿ ಚಾಮರಾಜನಗರದ ಕಡೆ ದೊರೆತ ಇನ್ನೊಂದು ತಾಮ್ರಶಾಸನವು ಪ್ರಕಟವಾಯಿತು. ಅದು ಶಕ ೭೩೦ರದು, ಎಂದರೆ ಕ್ರಿ. ಶ. ೮೦೮ರ ಸುಮಾರಿನದು. ರಾಷ್ಟ್ರಕೂಟ ಧ್ರುವನ ಮಗನೂ ಗೋವಿಂದನ ಅಣ್ಣನೂ ಆದ ರಣಾವಲೋಕ ಕಂಭರಾಜನು ಗಂಗವಾಡಿಯನ್ನು ಆಳುತ್ತಿದ್ದಾಗ, ಮಗನ ಬಿನ್ನಹದ ಮೇರೆಗೆ, ತಲಕಾಡಿನ ಶ್ರೀವಿಜಯಬಸದಿಗಾಗಿ ಕೊಂಡಕುಂದಾನ್ವಯದ ವರ್ಧಮಾನಗುರುವಿಗೆ ಒಂದು ಗ್ರಾಮವನ್ನು ಕೊಟ್ಟನು. ಆ ಗ್ರಾಮ ಬದನೆಗುಪ್ಪೆ. ಊರು ಅದೇ, ಬಸದಿ ಅದೇ, ಅನ್ವಯವೂ ಅದೇ. ಮಡಿಕೇರಿಯ ಶಾಸನದಲ್ಲಿ ದಾನಿಯು ರಾಷ್ಟ್ರಕೂಟಬಿರುದಿನ ಅರಸನ ಮಂತ್ರಿಯಾದುದೇಕೆಂಬುದು ಇಲ್ಲಿ ಹೊಳೆಯುತ್ತದೆ. ಬದನೆಗುಪ್ಪೆಯು ಶ್ರೀವಿಜಯಬಸದಿಗೆ ನಿಜವಾಗಿಯೇ ಸಂದ ಊರು. ಸಂದುದು ಒಂಬತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ. ಆ ಮೇಲೆ ಯಾವಾಗಲೋ ಬಸದಿಯವರಿಗೆ ಇನ್ನೂ ಹಳೆಯದಾದ, ನಾಡಿನ ಹಳೆಯ ಅರಸರ ಹೆಸರನ್ನೇ ಹೊತ್ತ ಪತ್ರವೊಂದು ಬೇಕಾಯಿತು. ಪತ್ರವನ್ನು ಬರೆದವನು ಗಂಗರ ಪ್ರಶಸ್ತಿಯನ್ನು ಎದುರಿಗಿಟ್ಟುಕೊಂಡು ಚೆನ್ನಾಗಿಯೇ ನಕಲು ಮಾಡಿದನ, ದಾನದ ಭಾಗಕ್ಕೆ ಬಂದಾಗ ತನಗೆ ಪರಿಚಿತವಾದ ಅಕಾಲವರ್ಷನ ಹೆಸರನ್ನು ಬಿಡಲು ಅವನಿಂದಾಗಲಿಲ್ಲ. ಅವಿನೀತನ ಕಾಲವನ್ನು ತಿಳಿಸಲಾರದ ಈ ತಾಮ್ರಪಟವು ತಲಕಾಡಿನ ಒಂದು ಬಸದಿಯ ಆಸ್ತಿ, ಅದರ ಗುರುಗಳು, ಅದರ ಆತಂಕ ಇವುಗಳಿಗೆ ನೇರವಾದ ಸಾಕ್ಷಿ.

ಚಾಮರಾಜನಗರದ ಬಳಿ ಬದನಗುಪ್ಪೆಯೆಂಬ ಹೆಸರಿನಿಂದ ಆ ಊರು ಈಗಲೂ ಇದೆ. ಗಂಗರ ಚರಿತ್ರೆಯ ಪುಸ್ತಕದಲ್ಲಿ ಮಡಿಕೇರಿಯ ಶಾಸನವನ್ನು ಐದನೆಯ ಶತಮಾನದ ಅಧ್ಯಾಯದಲ್ಲಿಯೂ, ಕಂಭರಾಜನ ಶಾಸನವನ್ನು ಒಂಬತ್ತನೆಯ ಶತಮಾನದ ಅಧ್ಯಾಯದಲ್ಲಿಯೂ ಇರಿಸಿದರೆ, ನಡುವೆ ನೂರು ಪುಟಗಳು ಬಿದ್ದು, ಎರಡರಲ್ಲಿಯೂ ಇರುವುದು ಈ ಒಂದೇ ಊರೆಂಬುದು ಓದುವವರ ಕಣ್ಣಿಗೆ ಬೀಳುವುದೇ ಇಲ್ಲ.